ಸ್ತನ ಕ್ಯಾನ್ಸರ್: ಮೈಸೂರಿನ ಲೆಕ್ಕ, ನಮ್ಮ ತೋಟಗಳ ಲೆಕ್ಕ

ಸ್ತನದ ಕ್ಯಾನ್ಸರಿನಿಂದ ಸಾಯುವ ಹೆಂಗಸರು ಮೈಸೂರು ನಗರದಲ್ಲಿ ಹೆಚ್ಚೋ, ಕೊಡಗು, ಸಕಲೇಶಪುರ, ಪಿರಿಯಾಪಟ್ಟಣಗಳ ಕಡೆಯ ತೋಟದ ಊರುಗಳಲ್ಲಿ ಹೆಚ್ಚೋ? ಸದಸ್ಯರಲ್ಲಿ ಯಾರನ್ನು ಕೇಳಿದರೂ ‘ಅದು ಪಟ್ಟಣದವರ ಕಾಯಿಲೆ’ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧದಲ್ಲಿ ನಮ್ಮ ಮನೆಗಳ ಮತ್ತು ನಮ್ಮ ಲೈನ್‌ಗಳ ಹೆಂಗಸರ ಪ್ರಾಣ ಸಿಕ್ಕಿಕೊಂಡಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಬೆಲೆ, ಗೊಬ್ಬರ, ಬೋರರ್ ಹುಳುವಿನ ಸುದ್ದಿಗಳ ನಡುವೆ ಇದೇಕೆ ಎಂದು ಕೇಳುವವರು ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ಸಾವನ್ನು ಬರೆದಿಡುವ ಕ್ರಮವನ್ನು ನೋಡೋಣ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಸಾವು ಎಲ್ಲಿ ಸಂಭವಿಸುತ್ತದೆಯೋ ಅಲ್ಲಿಯೇ ಅದರ ನೋಂದಣಿಯಾಗಬೇಕು. ಸೋಮವಾರಪೇಟೆ ಕಡೆಯ ಒಬ್ಬ ಹೆಂಗಸು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಆ ಸಾವು ಸೇರುವುದು ಮೈಸೂರು ನಗರದ ಪುಸ್ತಕಕ್ಕೆ. ಸತ್ತವರ ವಾಸದ ಊರನ್ನು ಬರೆಯಲು ನಮೂನೆಯಲ್ಲಿ ಬೇರೆ ಅಂಕಣವೇನೋ ಇದೆ. ಅದನ್ನು ಬೇರ್ಪಡಿಸಿ ಎಣಿಸದೆ ಹೋದರೆ ಎಚ್.ಡಿ. ಕೋಟೆಯ ಸಾವು, ವಿರಾಜಪೇಟೆಯ ಸಾವು, ಚಾಮರಾಜನಗರದ ಸಾವು ಎಲ್ಲವೂ ಮೈಸೂರಿನ ಸಾವುಗಳಾಗಿಯೇ ಉಳಿಯುತ್ತವೆ. ದೊಡ್ಡಾಸ್ಪತ್ರೆ ಇರುವ ಊರಿನಲ್ಲಿ ಸಾವು ಹೆಚ್ಚಾಗಿ ಕಾಣುವುದು ಇದರಿಂದ.

ಇದಕ್ಕೆ ಉಲ್ಟಾ ನಡೆಯುವುದೂ ಉಂಟು, ನಮ್ಮ ಕಡೆ ಅದೇ ಹೆಚ್ಚು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮನೆಯವರು ರೋಗಿಯನ್ನು ಜೀಪಿನಲ್ಲಿ ಊರಿಗೆ ಕರೆತರುತ್ತಾರೆ. ತಿಂಗಳೋ ಎರಡು ತಿಂಗಳೋ ನರಳಿ ಆಕೆ ಮನೆಯಲ್ಲಿ ಕಣ್ಣು ಮುಚ್ಚಿದಾಗ ಪುಸ್ತಕಕ್ಕೆ ಹೋಗುವುದು ‘ಕಾಯಿಲೆ’ ಎಂದೋ ‘ವಯಸ್ಸು’ ಎಂದೋ ಒಂದು ಪದ. ಕಾರಣವನ್ನು ವೈದ್ಯರು ಪ್ರಮಾಣೀಕರಿಸಿದ ಸಾವುಗಳು 2020ರಲ್ಲಿ ದೇಶದಲ್ಲಿ ನೋಂದಣಿಯಾದ ಒಟ್ಟು ಸಾವುಗಳ ಪೈಕಿ ಶೇಕಡಾ 22.5 ಮಾತ್ರ. ಅಂದರೆ ಐದು ಸಾವುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು. ಮಿಕ್ಕ ನಾಲ್ಕರಲ್ಲಿ ಬಹುಪಾಲು ಹಳ್ಳಿಯ ಸಾವುಗಳೆಂದು ಬೇರೆ ಹೇಳಬೇಕಾಗಿಲ್ಲ. ಆದಕಾರಣ ತೋಟದ ಊರುಗಳಲ್ಲಿ ಸ್ತನ ಕ್ಯಾನ್ಸರಿನ ಸಾವು ಕಡಿಮೆ ಎಂಬುದನ್ನು ಮರಣದ ಪುಸ್ತಕ ಮಾತ್ರ ನೋಡಿ ಒಪ್ಪತಕ್ಕದ್ದಲ್ಲ.

ಎರಡು ಊರುಗಳನ್ನು ಹೋಲಿಸುವಾಗ ಇನ್ನೊಂದು ತೊಡಕು ಬರುತ್ತದೆ. ನಲವತ್ತು ವರ್ಷದ ಹಳೆಯ ರೊಬಸ್ಟ ತೋಟದ ಎಕರೆ ಇಳುವರಿಯನ್ನು ನಾಲ್ಕು ವರ್ಷದ ಎಳೆ ತೋಟದ ಇಳುವರಿಯೊಡನೆ ಇಟ್ಟು ನೋಡಿ ಯಾವ ಮಣ್ಣು ಒಳ್ಳೆಯದೆಂದು ತೀರ್ಮಾನಿಸುವ ಬೆಳೆಗಾರ ನಮ್ಮಲ್ಲಿ ಯಾರೂ ಇಲ್ಲ. ಊರುಗಳ ವಿಷಯವೂ ಹಾಗೆಯೇ. ಹುಡುಗ ಹುಡುಗಿಯರೆಲ್ಲ ಬೆಂಗಳೂರಿಗೆ ಹೋಗಿ ವಯಸ್ಸಾದವರೇ ಉಳಿದಿರುವ ಊರಿನಲ್ಲಿ ಕ್ಯಾನ್ಸರ್ ಹೆಚ್ಚೆಂದು ಕಾಣುವುದು ಸಹಜ. ಅದಕ್ಕಾಗಿ ಲೆಕ್ಕ ಬಲ್ಲವರು ವಯಸ್ಸಿನ ವ್ಯತ್ಯಾಸವನ್ನು ಸರಿಹೊಂದಿಸಿ, ಲಕ್ಷ ಹೆಂಗಸರಿಗೆ ವರ್ಷಕ್ಕೆ ಇಷ್ಟು ಎಂದು ದರ ತೆಗೆಯುತ್ತಾರೆ. ಕೆಳಗೆ ಬರುವ ದರಗಳೆಲ್ಲ ಹೀಗೆ ಸರಿಹೊಂದಿಸಿದವು.

ಬೆಂಗಳೂರಿನ ಪುಸ್ತಕ ಹೇಳುವುದು

ಮೈಸೂರು, ಕೊಡಗು, ಹಾಸನಗಳಿಗೆ ಇಲ್ಲದ ಒಂದು ಅನುಕೂಲ ಬೆಂಗಳೂರಿಗಿದೆ. 1973ರಲ್ಲಿ ಅಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಗರದ ಪ್ರತಿಯೊಂದು ಕ್ಯಾನ್ಸರ್ ರೋಗಿಯ ವಿವರವನ್ನೂ ಬರೆದಿಡಲಾಗುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಮುಂಬಯಿ, ಮದರಾಸುಗಳ ಜೊತೆಗೆ ಮೊದಲು ಶುರುವಾದ ನೋಂದಣಿಗಳಲ್ಲಿ ಅದೂ ಒಂದು. ರೋಗಿಗಳು ಬರಲೆಂದು ಕಾಯದೆ, ನೋಂದಣಿಯ ಸಿಬ್ಬಂದಿಯೇ ಆಸ್ಪತ್ರೆ, ಪ್ರಯೋಗಶಾಲೆಗಳನ್ನು ಸುತ್ತಿ, ಮರಣದ ಪುಸ್ತಕಗಳನ್ನೂ ತಾಳೆ ನೋಡಿ ಬರೆದುಕೊಳ್ಳುತ್ತಾರೆ.

ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕಂಠದ ಕ್ಯಾನ್ಸರಿಗಿತ್ತು, ಸ್ತನದ್ದು ಅದರ ಹಿಂದೆ. ಬರಬರುತ್ತ ಗರ್ಭಕಂಠದ್ದು ಇಳಿಯಿತು, ಸ್ತನದ್ದು ಏರಿತು, ಸ್ಥಾನಗಳು ಅದಲುಬದಲಾದವು. 2012ರಿಂದ 2016ರವರೆಗಿನ ಲೆಕ್ಕದಲ್ಲಿ ಬೆಂಗಳೂರಿನ ದರ ಲಕ್ಷಕ್ಕೆ 40.5. ಹೈದರಾಬಾದಿನಲ್ಲಿ 48.0, ಚೆನ್ನೈಯಲ್ಲಿ 42.2, ದೆಹಲಿಯಲ್ಲಿ 38.6. 1982ರಲ್ಲಿ ಬೆಂಗಳೂರಿನ ದರ ಇಂದಿನದರ ಅರ್ಧಕ್ಕೂ ಕಡಿಮೆ ಇತ್ತು. ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಎಂಬಲ್ಲಿ 1987ರಲ್ಲಿ ಆರಂಭವಾದ ಗ್ರಾಮೀಣ ನೋಂದಣಿಯಲ್ಲಿ ಈ ಕಾಯಿಲೆ ನಗರಗಳಿಗಿಂತ ಬಹಳ ಕಡಿಮೆ ಕಂಡುಬರುತ್ತದೆ. ‘ಪಟ್ಟಣದವರ ಕಾಯಿಲೆ’ ಎಂಬ ಮಾತಿನ ಅರ್ಧ ನಿಜ ಇದೇ.

ಕಾರಣಗಳು ತಿಳಿಯದವೇನಲ್ಲ. 1926ರಷ್ಟು ಹಿಂದೆಯೇ ಇಂಗ್ಲೆಂಡಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ ಈ ರೋಗ ಬಂದ ಸುಮಾರು 500 ಹೆಂಗಸರನ್ನೂ ಬಾರದ ಅಷ್ಟೇ ಹೆಂಗಸರನ್ನೂ ವಿಚಾರಿಸಿ, ಮಕ್ಕಳ ಸಂಖ್ಯೆ, ಮದುವೆಯ ವಯಸ್ಸು, ಹಾಲೂಡಿಸುವಿಕೆಗಳಿಗೂ ರೋಗಕ್ಕೂ ನಂಟಿರುವುದನ್ನು ತೋರಿಸಿದ್ದರು. ತಡವಾಗಿ ಮೊದಲ ಹೆರಿಗೆ, ಕಡಿಮೆ ಮಕ್ಕಳು, ಕಡಿಮೆ ಕಾಲ ಎದೆಹಾಲು, ಮುಟ್ಟು ನಿಂತ ಮೇಲೆ ಏರುವ ಮೈತೂಕ, ಮದ್ಯಪಾನ, ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುವ ದೋಷ, ಇವೆಲ್ಲ ರೋಗದ ಸಂಭವವನ್ನು ಹೆಚ್ಚಿಸುತ್ತವೆ. ಹೆಣ್ಣುಮಕ್ಕಳು ಓದಿ, ನಿಧಾನವಾಗಿ ಮದುವೆಯಾಗಿ, ಒಂದೆರಡು ಮಕ್ಕಳಿಗೆ ನಿಲ್ಲಿಸುವುದು ಒಳ್ಳೆಯದೇ. ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ಬುದ್ಧಿ ಇರುವ ಯಾರೂ ಹೇಳುವುದಿಲ್ಲ. ಆದರೆ ಹಾಗೆ ಬದುಕುವವರು ಇಂದು ಮೈಸೂರಿನ ಕುವೆಂಪುನಗರದಲ್ಲಿ ಮಾತ್ರವಲ್ಲ, ಗೋಣಿಕೊಪ್ಪದಲ್ಲೂ ಮೂಡಿಗೆರೆಯಲ್ಲೂ ಇದ್ದಾರೆ. ಪಟ್ಟಣದ ದರ ನಮ್ಮ ಕಡೆಗೂ ಬರುತ್ತಿದೆ ಎಂದೇ ತಿಳಿಯಬೇಕು. 1990ರಿಂದ 2016ರ ಅವಧಿಯಲ್ಲಿ ದೇಶದ ಪ್ರತಿಯೊಂದು ರಾಜ್ಯದಲ್ಲೂ ಈ ರೋಗ ತಗಲುವ ದರ ಏರಿದ್ದನ್ನು ರಾಜ್ಯವಾರು ಅಧ್ಯಯನವೊಂದು 2018ರಲ್ಲಿ ತೋರಿಸಿತು.

ತಗಲುವುದು ಬೇರೆ, ಸಾಯುವುದು ಬೇರೆ

ಇಲ್ಲಿಯವರೆಗೆ ಹೇಳಿದ್ದು ರೋಗ ತಗಲುವ ದರ. ಸಾವಿನ ದರ ಅದರ ಹಿಂದೆಯೇ ನೆರಳಿನಂತೆ ಬರುತ್ತದೆಂದು ತಿಳಿದರೆ ತಪ್ಪಾದೀತು. ಅಮೆರಿಕದ ಹೆಂಗಸರಿಗೆ ಸ್ತನ ಕ್ಯಾನ್ಸರ್ ತಗಲುವ ದರ ನಮ್ಮ ದೇಶದ ದರದ ಮೂರು ಪಟ್ಟಿಗಿಂತ ಹೆಚ್ಚು. ಸಾಯುವ ದರ ಮಾತ್ರ ನಮ್ಮದಕ್ಕಿಂತ ಹೆಚ್ಚಿಲ್ಲ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಹೊಸದಾಗಿ ರೋಗ ಕಂಡವರು ಸುಮಾರು 1,92,000 ಮಂದಿ, ಅದೇ ವರ್ಷ ಅದರಿಂದ ಸತ್ತವರು ಸುಮಾರು 98,000. ಎರಡು ರೋಗಿಗಳಿಗೆ ಒಂದು ಸಾವು ಎಂದಾಯಿತು. ಇಡೀ ಪ್ರಪಂಚವನ್ನು ತೆಗೆದುಕೊಂಡರೆ ಸುಮಾರು 23 ಲಕ್ಷ ರೋಗಿಗಳಿಗೆ 6 ಲಕ್ಷ 70 ಸಾವಿರ ಸಾವು. ಮೂವರಿಗೆ ಒಂದಕ್ಕಿಂತ ಕಡಿಮೆ. ಬ್ರಿಟನ್, ಅಮೆರಿಕಗಳಲ್ಲಿ 1980ರ ದಶಕದ ಕೊನೆಯವರೆಗೂ ಏರುತ್ತಿದ್ದ ಸಾವಿನ ದರ ಅಲ್ಲಿಂದೀಚೆಗೆ ಇಳಿಯುತ್ತಲೇ ಬಂದಿದೆ. ಅಲ್ಲಿ ರೋಗ ತಗಲುವುದೇನೂ ನಿಂತಿಲ್ಲ. ಬೇಗ ಪತ್ತೆ ಮಾಡುತ್ತಾರೆ, ಚಿಕಿತ್ಸೆಯನ್ನು ಪೂರ್ತಿ ಮುಗಿಸುತ್ತಾರೆ.

ನಮ್ಮ ದೇಶದೊಳಗಿನ ಅಂತರವೂ ಇದನ್ನೇ ಹೇಳುತ್ತದೆ. 2012ರಿಂದ 2015ರವರೆಗೆ ರೋಗ ಪತ್ತೆಯಾದ 17,000ಕ್ಕೂ ಹೆಚ್ಚು ಹೆಂಗಸರನ್ನು 11 ನೋಂದಣಿ ಕೇಂದ್ರಗಳ ಮೂಲಕ ಹಿಂಬಾಲಿಸಿ ನೋಡಲಾಯಿತು. ಐದು ವರ್ಷ ಕಳೆದು ಬದುಕಿದ್ದವರು ಒಟ್ಟಾರೆ ಶೇಕಡಾ 66.4. ಕೊಲ್ಲಂನಲ್ಲಿ ಶೇಕಡಾ 71.5, ಮಿಜೋರಾಮಿನಲ್ಲಿ 74.9, ಅರುಣಾಚಲದ ಪಾಸಿಘಾಟ್‌ನಲ್ಲಿ ಬರೀ 41.9. ಮಿಜೋರಾಂ ನಮ್ಮ ಕೊಡಗಿಗಿಂತ ಹೆಚ್ಚು ಗುಡ್ಡಗಾಡು, ರಸ್ತೆಯೂ ಕಷ್ಟದ್ದು. ‘ನಮ್ಮದು ಘಟ್ಟದ ಸೀಮೆ, ಏನು ಮಾಡುವುದು’ ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ.

ಅದೇ ಅಧ್ಯಯನದ ಇನ್ನೊಂದು ಲೆಕ್ಕವನ್ನು ಸದಸ್ಯರು ಮನಸ್ಸಿನಲ್ಲಿಡಬೇಕೆಂದು ನಮ್ಮ ಕೋರಿಕೆ. ಗಂಟು ಸ್ತನದೊಳಗೇ ಇದ್ದಾಗ ಬಂದವರಲ್ಲಿ ಐದು ವರ್ಷ ದಾಟಿದವರು ಶೇಕಡಾ 81. ಕಂಕುಳಿಗೆ, ಅಕ್ಕಪಕ್ಕಕ್ಕೆ ಹರಡಿದ ಮೇಲೆ ಬಂದವರಲ್ಲಿ 65.5. ಮೂಳೆ, ಶ್ವಾಸಕೋಶ, ಯಕೃತ್ತುಗಳಿಗೆ ಹೋದ ಮೇಲೆ ಬಂದವರಲ್ಲಿ 18.3. ಕೊಳೆರೋಗ ಹತ್ತಿ ಕಾಯಿ ಉದುರತೊಡಗಿದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಏನು ಸಿಕ್ಕುತ್ತದೆಂಬುದು ಅಡಿಕೆ ಬೆಳೆಗಾರರಿಗೆ ಗೊತ್ತಿದೆ. ಮಳೆಗೆ ಮುಂಚೆ ಹೊಡೆದದ್ದೂ ಅದೇ ದ್ರಾವಣ, ಅದೇ ಖರ್ಚು.

ತೋಟದಲ್ಲಿ ತಡವಾಗುವ ಬಗೆ

ನಮ್ಮ ಕಡೆ ತಡವಾಗುವುದಕ್ಕೆ ಕಾರಣಗಳು ನಮ್ಮವೇ. ಮೊದಲನೆಯದು, ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ್ದನ್ನು ಕಾಯಿಲೆಯೆಂದು ನಮ್ಮ ಹೆಂಗಸರು ಎಣಿಸುವುದೇ ಇಲ್ಲ. ಬೆನ್ನು ನೋವಿಗೆ, ಜ್ವರಕ್ಕೆ ಮಾತ್ರೆ ಕೇಳುವವರು ಗಂಟಿನ ಮಾತು ಎತ್ತುವುದಿಲ್ಲ.

ಎರಡನೆಯದು ಕುಯಿಲು. ನವೆಂಬರ್‌ನಲ್ಲಿ ಅರೇಬಿಕ ಹಣ್ಣಾಗತೊಡಗಿದರೆ ರೊಬಸ್ಟ ಮುಗಿಯುವಾಗ ಫೆಬ್ರವರಿ ದಾಟುತ್ತದೆ. ಅಡಿಕೆ ಇರುವಲ್ಲಿ ಅದೇ ದಿನಗಳಲ್ಲಿ ಕೊಯ್ಲು, ಸುಲಿತ, ಬೇಯಿಸುವಿಕೆ. ಕೆ.ಜಿ. ಲೆಕ್ಕದ ಕೂಲಿ ಸಿಕ್ಕುವುದೂ ಆಗಲೇ, ವರ್ಷದ ಸಾಲ ತೀರುವುದೂ ಆಗಲೇ. ‘ಕುಯಿಲು ಮುಗಿಯಲಿ, ಆಮೇಲೆ ನೋಡೋಣ’ ಎಂಬ ಮಾತನ್ನು ಹೆಂಗಸರೂ ಹೇಳುತ್ತಾರೆ, ರೈಟರೂ ಹೇಳುತ್ತಾನೆ, ಮಾಲೀಕರೂ ಬೇಡವೆನ್ನುವುದಿಲ್ಲ. ಕುಯಿಲು ಮುಗಿಯುವಷ್ಟರಲ್ಲಿ ಹೂಮಳೆ, ಆಮೇಲೆ ಕಪಾತು, ಆಮೇಲೆ ಮಕ್ಕಳ ಶಾಲೆ, ಮುಂಗಾರು. ಹೀಗೆ ಒಂದು ವರ್ಷ ಸರಿದುಹೋಗುತ್ತದೆ.

ಮೂರನೆಯದು ನಾಚಿಕೆ. ಗಂಡು ಡಾಕ್ಟರಿಗೆ ತೋರಿಸಲು ಸಂಕೋಚ, ಗಂಡನಿಗೆ ಹೇಳಲು ಭಯ. ಸ್ತನ ತೆಗೆದುಬಿಡುತ್ತಾರೆ ಎಂಬ ಸುದ್ದಿ ಲೈನಿನಿಂದ ಲೈನಿಗೆ ಹೋಗುತ್ತದೆ. ಬೇಗ ಬಂದವರಿಗೆ ಎಷ್ಟೋ ಸಲ ಗಂಟಿನ ಭಾಗವನ್ನು ಮಾತ್ರ ತೆಗೆದು ಸ್ತನವನ್ನು ಉಳಿಸುತ್ತಾರೆಂಬ ಸುದ್ದಿ ಹಾಗೆ ಹೋಗುವುದಿಲ್ಲ. ಸೂಜಿ ಹಾಕಿ ಪರೀಕ್ಷೆ ಮಾಡಿದರೆ ರೋಗ ಮೈಯೆಲ್ಲ ಹರಡುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ಇದು ಸುಳ್ಳು. ಸೂಜಿ ಪರೀಕ್ಷೆ ಇಲ್ಲದೆ ಗಂಟು ಯಾವ ಜಾತಿಯದೆಂದು ತಿಳಿಯುವುದಿಲ್ಲ. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೇ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಇದು ಯರವರ, ಕುರುಬರ, ಈಚೆಗೆ ದೂರದಿಂದ ಬಂದ ಕೂಲಿಗಳ ಲೈನ್ ಮನೆಗಳ ಮಾತು ಮಾತ್ರವೆಂದು ಯಾರೂ ತಿಳಿಯಬಾರದು. ನಾಲ್ಕೆಕರೆ ಐದೆಕರೆ ಇರುವ ನಮ್ಮಂಥ ಮನೆಗಳಲ್ಲಿ ಯಜಮಾನಿತಿಯೇ ಕುಯಿಲಿನ ಮೇಸ್ತ್ರಿ, ಅವಳೇ ಅಡಿಗೆಯವಳು, ಕಣದ ಕಾವಲೂ ಅವಳದೇ. ಅವಳು ಎರಡು ದಿನ ಮೈಸೂರಿಗೆ ಹೋದರೆ ಮನೆ ನಿಲ್ಲುತ್ತದೆ. ಅದಕ್ಕಾಗಿಯೇ ಅವಳು ಹೋಗುವುದಿಲ್ಲ.

ಏನನ್ನು ನೋಡಬೇಕು ಎಂಬುದು ಕಷ್ಟವಲ್ಲ. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಟ್ಟಿ ಗಂಟು, ಚರ್ಮ ಒಳಕ್ಕೆ ಎಳೆದಂತೆ ಕುಳಿ ಬೀಳುವುದು, ತೊಟ್ಟು ಹೊಸದಾಗಿ ಒಳಗೆ ಸೇರುವುದು, ತೊಟ್ಟಿನಿಂದ ರಕ್ತ ಮಿಶ್ರಿತ ದ್ರವ, ಚರ್ಮ ನಮ್ಮ ಕೊಡಗಿನ ಕಿತ್ತಳೆಯ ಸಿಪ್ಪೆಯಂತೆ ದಪ್ಪಗಾಗಿ ಚುಕ್ಕೆ ಚುಕ್ಕೆಯಾಗುವುದು. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಇದು ಸುಮಾರು ಹತ್ತು ವರ್ಷ ಮುಂಚೆಯೇ, ನಲವತ್ತು ಐವತ್ತರ ಪ್ರಾಯದಲ್ಲಿಯೇ ಹೆಚ್ಚಾಗಿ ಬರುವುದರಿಂದ ‘ನನಗಿನ್ನೂ ವಯಸ್ಸಾಗಿಲ್ಲ’ ಎಂಬ ಸಮಾಧಾನವೂ ಸಲ್ಲದು. ಗಂಡಸರಿಗೂ ಅಪರೂಪಕ್ಕೆ ಬರುತ್ತದೆ.

ಯಂತ್ರವಿಲ್ಲದೆ ಏನೂ ಆಗದೆಂದು ಕೈಚೆಲ್ಲುವವರಿಗೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ನಡೆಸಿದ ಪ್ರಯೋಗ ಉತ್ತರ ಕೊಡುತ್ತದೆ. 1998ರಲ್ಲಿ ಆರಂಭಿಸಿ ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಮಾಡಿಸಿದರು. ಪರೀಕ್ಷಿಸಿದವರು ಡಾಕ್ಟರರಲ್ಲ, ಕೆಲವು ವಾರಗಳ ತರಬೇತಿ ಪಡೆದ ಮಹಿಳಾ ಕಾರ್ಯಕರ್ತೆಯರು. ಪರೀಕ್ಷೆ ನಡೆದದ್ದು ಬರೀ ಕೈಯಿಂದ. ಇಪ್ಪತ್ತು ವರ್ಷ ಕಾದು 2021ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಪರೀಕ್ಷೆಯಾದ ಗುಂಪಿನಲ್ಲಿ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತ್ತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇಕಡಾ 30 ಇಳಿದಿತ್ತು. ಐವತ್ತರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂಬುದನ್ನೂ ಅವರೇ ಬರೆದಿದ್ದಾರೆ. ಆದ್ದರಿಂದ ಕೈಪರೀಕ್ಷೆಯೇ ಸರ್ವಸ್ವವೆಂದು ನಾವು ಹೇಳುತ್ತಿಲ್ಲ. ಮೂವತ್ತು ದಾಟಿದ ಹೆಂಗಸರಿಗೆ ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ ನಮ್ಮ ಆರೋಗ್ಯ ಕೇಂದ್ರಗಳಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ. ಅಕ್ಟೋಬರ್‌ನಲ್ಲಿ, ಅಂದರೆ ಕುಯಿಲಿಗೆ ಮೊದಲು, ತೋಟದ ಹೆಂಗಸರಿಗೆಲ್ಲ ಒಂದು ದಿನದ ಕೂಲಿ ಸಹಿತ ರಜೆ ಕೊಟ್ಟು ಕಳುಹಿಸಿದರೆ ಬೆಳೆಗಾರನಿಗೆ ಆಗುವ ನಷ್ಟ ಒಂದು ಸ್ಪ್ರೇಯರ್ ರಿಪೇರಿಯಷ್ಟೂ ಅಲ್ಲ.

ಮೈಸೂರಿಗೆ ಹೋಗುವುದು, ಅಲ್ಲಿ ನಿಲ್ಲುವುದು

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕೆ.ಆರ್. ಆಸ್ಪತ್ರೆ, ಅದರ ಪಕ್ಕದ ಚೆಲುವಾಂಬ ಆಸ್ಪತ್ರೆ, ಕಿರಣ ಚಿಕಿತ್ಸೆಯ ಯಂತ್ರಗಳಿರುವ ಬೇರೆ ಆಸ್ಪತ್ರೆಗಳು ನಗರದಲ್ಲಿವೆ. ಹೋಗಿಬರುವುದು ಒಂದು ದಿನದ ಕೆಲಸ, ಅದು ಕಷ್ಟವಲ್ಲ. ಕಷ್ಟ ಶುರುವಾಗುವುದು ಆಮೇಲೆ. ಶಸ್ತ್ರಚಿಕಿತ್ಸೆಗೆ ಒಂದು ವಾರ ಹಿಡಿದೀತು. ಔಷಧ ಚಿಕಿತ್ಸೆಗೆ ಎರಡು ಮೂರು ವಾರಗಳಿಗೊಮ್ಮೆ ಹಲವು ತಿಂಗಳು ಹೋಗಬೇಕು. ಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ ಸತತ. ನೆಂಟರಿಲ್ಲದವರು ಎಲ್ಲಿ ಮಲಗಬೇಕು? ಜೊತೆಗೆ ಬಂದ ಗಂಡನ ಕೂಲಿ ಏನಾಗಬೇಕು? ಅರ್ಧಕ್ಕೆ ಬಿಟ್ಟು ಊರಿಗೆ ಮರಳುವವರು ಬಿಡುವುದು ಇಲ್ಲಿಯೇ. ಅರ್ಧ ಚಿಕಿತ್ಸೆ ಪಡೆದ ರೋಗ ಮರುಕಳಿಸುತ್ತದೆ, ಆಗ ‘ಆಸ್ಪತ್ರೆಗೆ ಹೋದರೂ ಉಳಿಯಲಿಲ್ಲ’ ಎಂಬ ಮಾತು ಊರಲ್ಲಿ ಹುಟ್ಟಿ ಮುಂದಿನವಳನ್ನೂ ಮನೆಯಲ್ಲೇ ಕೂರಿಸುತ್ತದೆ. ಹಲವರಿಗೆ ಕೊನೆಯಲ್ಲಿ ಐದು ವರ್ಷ ದಿನಕ್ಕೊಂದು ಟಮಾಕ್ಸಿಫೆನ್ ಮಾತ್ರೆ ಬರೆದುಕೊಡುತ್ತಾರೆ. ಬೆಲೆ ಕಡಿಮೆ, ಗುಣ ಬಹಳ. ಆರು ತಿಂಗಳಲ್ಲಿ ಮೈ ಚೆನ್ನಾಗಿದೆಯೆಂದು ನಿಲ್ಲಿಸುವುದು ದೊಡ್ಡ ತಪ್ಪು.

ಹಣದ ವಿಷಯ. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಉಳಿದವರಿಗೆ ನಿಗದಿತ ದರದ ಶೇಕಡಾ 30ರಂತೆ ಒಂದೂವರೆ ಲಕ್ಷದವರೆಗೆ ಸಿಕ್ಕುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆಯುವುದು ಕ್ಷೇಮ. ಸಹಕಾರಿಗಳಾದ ನಮಗೆ ಯಶಸ್ವಿನಿ ಇನ್ನೊಂದು ದಾರಿ. 2003ರಲ್ಲಿ ವರ್ಷಕ್ಕೆ 60 ರೂಪಾಯಿ ವಂತಿಗೆಯಿಂದ ಆರಂಭವಾದ ಆ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು, 2022ರಲ್ಲಿ ಮತ್ತೆ ಜೀವ ಪಡೆಯಿತು. ಹೆಸರು ನೋಂದಾಯಿಸಲು ಅವಧಿ ಇರುತ್ತದೆ, ರೋಗ ಬಂದ ಮೇಲೆ ಓಡಿದರೆ ಬಾಗಿಲು ಮುಚ್ಚಿರಬಹುದು. ಯಾವ ಯಾವ ಕ್ಯಾನ್ಸರ್ ಚಿಕಿತ್ಸೆಗಳು ಪಟ್ಟಿಯಲ್ಲಿವೆ, ಮೈಸೂರಿನ ಯಾವ ಆಸ್ಪತ್ರೆಗಳು ಸೇರಿವೆ ಎಂಬುದನ್ನು ಸದಸ್ಯರು ತಮ್ಮ ಸಂಘದ ಕಾರ್ಯದರ್ಶಿಯಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಊಟ, ವಸತಿ, ಬಸ್ಸಿನ ಖರ್ಚು ಮಾತ್ರ ಇವುಗಳಿಂದ ಪೂರ್ತಿ ನೀಗುವುದಿಲ್ಲ. ಗೊಬ್ಬರಕ್ಕೆ ಮುಂಗಡ ಕೊಡುವ ಸಂಘಗಳು ಐದು ವಾರದ ವಸತಿಗೆ ಮುಂಗಡ ಕೊಡಬಾರದೆಂದು ಯಾವ ಉಪನಿಯಮದಲ್ಲಿದೆ? ಮುಂದಿನ ವಾರ್ಷಿಕ ಸಭೆಯಲ್ಲಿ ಸದಸ್ಯರು ಇದನ್ನು ಎತ್ತಬೇಕೆಂದು ನಮ್ಮ ಅಭಿಪ್ರಾಯ.

ಇನ್ನು ಆ ಪುಸ್ತಕದ ವಿಷಯ. ಬರೆದಿಟ್ಟ ಅಕ್ಷರ ಏನು ಮಾಡಬಲ್ಲದೆಂಬುದಕ್ಕೆ ಮೈಸೂರಿನಲ್ಲೇ ಉದಾಹರಣೆಯಿದೆ. ಊರವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿದ್ದರು. ಅಂಥ ಕೂಸುಗಳಲ್ಲಿ ಐದುನೂರಕ್ಕೂ ಹೆಚ್ಚು ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ಹೃದ್ರೋಗ ಹೆಚ್ಚು ಎಂಬುದು 1996ರಲ್ಲಿ ತಿಳಿದುಬಂತು. ಹೆರಿಗೆ ಕೋಣೆಯಲ್ಲಿ ತೂಕ ಬರೆದವರಿಗೆ ಇದು ಕನಸಿನಲ್ಲೂ ಗೊತ್ತಿರಲಾರದು.

ಬಾರ್ಶಿಯಲ್ಲೂ ನೋಂದಣಿಯ ಸಿಬ್ಬಂದಿ ಹಳ್ಳಿಹಳ್ಳಿಗೆ ಹೋಗಿ ಲೆಕ್ಕ ಬರೆಯುತ್ತ, ಲಕ್ಷಣಗಳನ್ನು ವಿವರಿಸುತ್ತ ಬಂದರು. ಕೆಲವು ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ರೋಗಿಗಳು ಮುಂಚಿನ ಹಂತದಲ್ಲೇ ಬರತೊಡಗಿದರು. ಲೆಕ್ಕ ಬರೆಯುವವನು ಬಾಗಿಲಿಗೆ ಬಂದರೆ ಜನ ಮಾತಾಡುತ್ತಾರೆ.

ನಮ್ಮ ಮನೆಯಲ್ಲಿ ಅಂಥ ದುಃಖ ಸಂಭವಿಸಿದಾಗ ಕಾಗದದ ಕಡೆ ಯಾರಿಗೂ ಗಮನವಿರುವುದಿಲ್ಲ, ಅದು ಸಹಜ. ಆದರೂ ಮನೆಯ ಒಬ್ಬರಾದರೂ ಇಷ್ಟು ಮಾಡಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ನಮೂನೆ 4ರಲ್ಲಿ ವೈದ್ಯರು ಕಾರಣ ಬರೆಯುತ್ತಾರೆ. ಮನೆಯಲ್ಲಾದರೆ ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿಂದ ನಮೂನೆ 4ಎ ಬರೆಸಿಕೊಳ್ಳಬಹುದು, ಇದಕ್ಕೆ ಶುಲ್ಕವಿಲ್ಲ. ಕಾರಣದ ಜಾಗದಲ್ಲಿ ‘ಹೃದಯ ನಿಂತಿತು’ ಎಂದು ಮಾತ್ರ ಇದ್ದರೆ ಅದು ಕಾರಣವಲ್ಲ, ಎಲ್ಲರ ಹೃದಯವೂ ಕೊನೆಗೆ ನಿಲ್ಲುವುದೇ. ಮೂಲ ರೋಗ ಸ್ತನದ ಕ್ಯಾನ್ಸರ್ ಎಂಬುದನ್ನು ಬರೆಯುವಂತೆ ವಿನಯದಿಂದ ಕೇಳಬೇಕು. ಹಳೆಯ ಆಸ್ಪತ್ರೆ ಚೀಟಿಗಳನ್ನು ಜೊತೆಗೆ ಒಯ್ಯಬೇಕು. ಮೈಸೂರಿನಲ್ಲಿ ನೋಂದಣಿ ಮಾಡಿಸುವಾಗ ವಾಸದ ಊರಿನ ಅಂಕಣಕ್ಕೆ ತಾವು ಉಳಿದುಕೊಂಡಿದ್ದ ನೆಂಟರ ಮನೆಯ ವಿಳಾಸವನ್ನು ಕೊಡದೆ, ತೋಟವಿರುವ ಊರಿನ ಹೆಸರನ್ನೇ ತಾಲ್ಲೂಕು, ಜಿಲ್ಲೆ ಸಹಿತ ಬರೆಸಬೇಕು.